ನಗಿಸಲು ಕರೆಸಿದ ಅತಿಥಿ

ಸಂದರ್ಶನವೆಂಬುದು ನಿಮಗೇನೂ ಹೊಸದಲ್ಲ. ರೇಡಿಯೋ ಇರುವ ಮನೆಯಲ್ಲಿ ವಾರಕ್ಕೆ ಒಂದೆರಡಾದರೂ ಕಿವಿಗೆ ಬಿದ್ದೇ ಬೀಳುತ್ತವೆ. ಹುಟ್ಟಿದ್ದು ಎಲ್ಲಿ, ಗುರುಗಳು ಯಾರು, ಮೊದಲ ಕೃತಿ ಯಾವುದು, ಇಂದಿನ ಯುವಕರಿಗೆ ತಮ್ಮ ಸಂದೇಶವೇನು—ಈ ಜಾಡಿನಲ್ಲೇ ಗಾಡಿ ಸಾಗುತ್ತದೆ. ಗಾಯಕರಾಗಲಿ, ವಿಜ್ಞಾನಿಗಳಾಗಲಿ, ಸಾಹಿತಿಗಳಾಗಲಿ, ಈ ಪ್ರಶ್ನೆಗಳಿಗೆ ಸಿದ್ಧರಾಗಿಯೇ ಬಂದಿರುತ್ತಾರೆ. ಕೇಳುವವರಿಗೂ ಹೇಳುವವರಿಗೂ ಕಷ್ಟವಿಲ್ಲ.

ಆದರೆ ಸಂದರ್ಶನದಲ್ಲಿ ಇನ್ನೊಂದು ಜಾತಿಯಿದೆ. ಅದು ಚಿಕ್ಕದು, ಚೇಷ್ಟೆಯದು. ನೀವು ಬರೆಯುವಾಗ ಬೆಕ್ಕು ಬಂದು ಮಸಿಕುಡಿಕೆ ಉರುಳಿಸಿದರೆ ಏನು ಮಾಡುತ್ತೀರಿ? ನಿಮ್ಮ ಕಥಾನಾಯಕ ನಿಮ್ಮ ಮನೆಗೆ ಊಟಕ್ಕೆ ಬಂದರೆ ಎಲೆಯ ಮೇಲೆ ಏನು ಬಡಿಸುತ್ತೀರಿ? ಹೀಗೆ. ಮಹಾಕವಿಯನ್ನು ಹೀಗೆ ಕೇಳುವ ಧೈರ್ಯ ಯಾರಿಗಿದೆ? ಕೇಳಿಸಿಕೊಳ್ಳಬೇಕಾಗಿ ಬರುವವರು ಸಾಮಾನ್ಯವಾಗಿ ಕಾಮಿಕ್ ಪುಸ್ತಕ ಬರೆಯುವವರು. ಚೌಕದೊಳಗೆ ಚಿತ್ರ ಬರೆದು, ಬಾಯಿಂದ ಗುಳ್ಳೆ ಹೊರಡಿಸಿ, ಗುಳ್ಳೆಯೊಳಗೆ ಮಾತು ತುಂಬುವವನು ತಮಾಷೆಯ ಮನುಷ್ಯನೇ ಆಗಿರಬೇಕು, ಅವನನ್ನು ತಮಾಷೆಯಾಗಿಯೇ ಮಾತನಾಡಿಸಬೇಕು ಎಂದು ಲೋಕದ ನಂಬಿಕೆ. ಈ ನಂಬಿಕೆಗೆ ಬಲಿಯಾದ, ಆಮೇಲೆ ಅದರ ಮೇಲೆ ತಿರುಗಿಬಿದ್ದ ಒಬ್ಬ ಅಮೆರಿಕದ ಗುಮಾಸ್ತನ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ಅದಕ್ಕೆ ಮೊದಲು ಸ್ವಲ್ಪ ಪೀಠಿಕೆ. ಸ್ವತಂತ್ರ ಕಾಮಿಕ್ ಎಂದರೇನು? ಸ್ವತಂತ್ರವಲ್ಲದ್ದು ಯಾವುದೆಂದು ತಿಳಿದರೆ ಇದು ತಾನಾಗಿ ತಿಳಿಯುತ್ತದೆ. ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ, ಈರಿ ಸರೋವರದ ದಂಡೆಯ ಮೇಲೆ ಕ್ಲೀವ್‌ಲ್ಯಾಂಡ್ ಎಂಬ ಕಬ್ಬಿಣ–ಉಕ್ಕಿನ ಊರಿದೆ. ಅಲ್ಲಿ ಜೆರಿ ಸೀಗಲ್, ಜೋ ಶೂಸ್ಟರ್ ಎಂಬ ಇಬ್ಬರು ಹುಡುಗರು ಸೂಪರ್‌ಮ್ಯಾನ್ ಎಂಬ ವೀರನನ್ನು ಕಲ್ಪಿಸಿದರು. ೧೯೩೮ರಲ್ಲಿ ಅವನು ಅಚ್ಚಾಗಿ ಹೊರಬಂದ. ಅದರ ಸಕಲ ಹಕ್ಕನ್ನೂ ಆ ಹುಡುಗರು ಪ್ರಕಾಶಕರಿಗೆ ಬರೆದುಕೊಟ್ಟದ್ದು ೧೩೦ ಡಾಲರಿಗೆ. ಆಕಾಶದಲ್ಲಿ ಹಾರುವವನನ್ನು ಸೃಷ್ಟಿಸಿದವರು ಮುಂದೆ ಆ ಹಕ್ಕಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಸೋತರು. ೧೯೫೪ರಲ್ಲಿ, ಕಾಮಿಕ್ ಓದಿ ಮಕ್ಕಳು ಕೆಡುತ್ತಾರೆಂಬ ಗದ್ದಲವೆದ್ದಾಗ, ಪ್ರಕಾಶಕರೇ ಒಟ್ಟಾಗಿ ಒಂದು ನಿಬಂಧನೆ ಮಾಡಿಕೊಂಡು ಕತ್ತರಿ ಹಿಡಿದು ಕುಳಿತರು. ಅಲ್ಲಿಗೆ ಬರೆಯುವವನ ಕೈಯಲ್ಲಿ ಹಕ್ಕೂ ಇಲ್ಲ, ಮಾತೂ ಇಲ್ಲ ಎಂದಾಯಿತು.

ಇದನ್ನು ಒಲ್ಲದವರು ತಮ್ಮ ಪುಸ್ತಕವನ್ನು ತಾವೇ ಅಚ್ಚು ಹಾಕಿಸತೊಡಗಿದರು. ರಾಬರ್ಟ್ ಕ್ರಂಬ್ ಎಂಬಾತ ೧೯೬೮ರಲ್ಲಿ ತನ್ನ 'ಜ್ಯಾಪ್' ಎಂಬ ಪುಸ್ತಕವನ್ನು ಸ್ಯಾನ್‌ಫ್ರಾನ್ಸಿಸ್ಕೋದ ಬೀದಿಯಲ್ಲಿ, ಮಗುವನ್ನು ಕೂರಿಸುವ ತಳ್ಳುಗಾಡಿಯಲ್ಲಿಟ್ಟು ಹೆಂಡತಿಯೊಡನೆ ಮಾರಿದನೆಂದು ಹೇಳುತ್ತಾರೆ. ೧೯೮೪ರಲ್ಲಿ ಈಸ್ಟ್‌ಮನ್, ಲೇರ್ಡ್ ಎಂಬಿಬ್ಬರು, ವಾಪಸು ಬಂದ ಆದಾಯ ತೆರಿಗೆಯ ಹಣಕ್ಕೆ ಚಿಕ್ಕಪ್ಪನಿಂದ ತಂದ ಸಾಲ ಸೇರಿಸಿ, ಆಮೆಗಳ ಕಥೆಯೊಂದನ್ನು ಸುಮಾರು ೩೦೦೦ ಪ್ರತಿ ಅಚ್ಚು ಹಾಕಿಸಿದರು. ಆ ಆಮೆಗಳು ಮುಂದೆ ಜಗತ್ತನ್ನೇ ಸುತ್ತಿದವು. ನಿಮ್ಮ ಮನೆಯ ಮಕ್ಕಳನ್ನು ಕೇಳಿದರೆ ಹೆಸರು ಹೇಳಿಯಾರು. ಆದರೆ ಅದು ಲಾಟರಿ ಬಂದವರ ಕಥೆ. ಬಹುಮಂದಿಗೆ ಸಾಲ ಮಾತ್ರ ಉಳಿಯುತ್ತದೆ. ಮೇರಿಲ್ಯಾಂಡಿನಲ್ಲಿ ೧೯೯೪ರಿಂದ ಇಂಥವರದೊಂದು ಸಂತೆ ನಡೆಯುತ್ತ ಬಂದಿದೆ. ಮೇಜಿನ ಹಿಂದೆ ಬರೆದವನೇ ಕುಳಿತು ಮಾರುತ್ತಾನೆ. ಅಲ್ಲಿ ಕೊಡುವ ಬಹುಮಾನ ಏನು ಗೊತ್ತೆ? ಒಂದು ಇಟ್ಟಿಗೆ! ಹಳೆಯ ಕಾಮಿಕ್ ಒಂದರಲ್ಲಿ ಇಗ್ನಾಟ್ಸ್ ಎಂಬ ಇಲಿ ಬೆಕ್ಕಿನ ತಲೆಗೆ ಇಟ್ಟಿಗೆ ಎಸೆಯುತ್ತಿತ್ತು. ಅದರ ನೆನಪಿಗಾಗಿ ನಿಜವಾದ ಇಟ್ಟಿಗೆಯನ್ನೇ ಕೊಡುತ್ತಾರೆ. ಮನೆ ಕಟ್ಟಲು ಒಂದು ಇಟ್ಟಿಗೆಯಾದರೂ ಆಯಿತಲ್ಲ ಎಂದು ಗೆದ್ದವರು ಸಮಾಧಾನ ಪಟ್ಟುಕೊಳ್ಳಬಹುದು.

ಈಗ ನಮ್ಮ ಗುಮಾಸ್ತನ ಬಳಿಗೆ ಬರೋಣ. ಹೆಸರು ಹಾರ್ವೆ ಪೀಕರ್. ಹುಟ್ಟಿದ್ದು ೧೯೩೯ರಲ್ಲಿ, ಅದೇ ಕ್ಲೀವ್‌ಲ್ಯಾಂಡಿನಲ್ಲಿ. ಪೋಲೆಂಡಿನಿಂದ ವಲಸೆ ಬಂದ ಯಹೂದ್ಯ ದಂಪತಿಗಳ ಮಗ. ತಂದೆಯದು ದಿನಸಿ ಅಂಗಡಿ. ಕಾಲೇಜಿಗೆ ಸೇರಿ ಬಿಟ್ಟು, ಅಲ್ಲಿ ಇಲ್ಲಿ ಅಲೆದು, ಕೊನೆಗೆ ನಿವೃತ್ತ ಸೈನಿಕರ ಸರಕಾರಿ ಆಸ್ಪತ್ರೆಯಲ್ಲಿ ಕಡತದ ಗುಮಾಸ್ತನಾದ. ರೋಗಿಗಳ ಕಾಗದಪತ್ರಗಳನ್ನು ಕಪಾಟಿನಿಂದ ತೆಗೆಯುವುದು, ಬೇಕಾದವರಿಗೆ ತಲುಪಿಸುವುದು, ವಾಪಸು ತಂದು ಇಡುವುದು. ೧೯೬೦ರ ದಶಕದ ನಡುವಿನಿಂದ ೨೦೦೧ರಲ್ಲಿ ನಿವೃತ್ತನಾಗುವವರೆಗೆ ಇದೇ ಕೆಲಸ. ಬಡ್ತಿಯನ್ನೂ ಒಲ್ಲೆನೆಂದ. ಮೇಲಿನ ಕುರ್ಚಿಗೆ ಹೋದರೆ ಕಚೇರಿಯ ಚಿಂತೆಯೂ ಮನೆಗೆ ಬರುತ್ತದೆ. ಕೆಳಗಿನ ಕುರ್ಚಿಯಲ್ಲಿದ್ದರೆ ಐದು ಗಂಟೆಯ ಮೇಲೆ ತಲೆ ತನ್ನದು. ಈ ಲೆಕ್ಕಾಚಾರ ನಮ್ಮ ಕಚೇರಿಗಳಲ್ಲಿ ಕುಳಿತು ಕಾದಂಬರಿ ಬರೆದ ಎಷ್ಟೋ ಮಂದಿಗೆ ಅರ್ಥವಾಗುವಂಥದು.

ಪೀಕರನಿಗೆ ಜಾಜ್ ಸಂಗೀತದ ಗ್ರಾಮಫೋನ್ ತಟ್ಟೆಗಳ ಹುಚ್ಚು. ಆ ಸಂಗೀತದ ಮೇಲೆ ಪತ್ರಿಕೆಗಳಿಗೆ ವಿಮರ್ಶೆ ಬರೆಯುತ್ತಿದ್ದ. ೧೯೬೨ರಲ್ಲಿ ಅದೇ ಹುಚ್ಚಿನ ಇನ್ನೊಬ್ಬ ಹುಡುಗ ಊರಿಗೆ ಬಂದ; ಶುಭಾಶಯದ ಕಾರ್ಡುಗಳನ್ನು ತಯಾರಿಸುವ ಕಂಪೆನಿಯಲ್ಲಿ ಚಿತ್ರ ಬರೆಯುವ ಕೆಲಸ ಅವನದು. ಅವನೇ ನಾನು ಆಗ ಹೇಳಿದ ಕ್ರಂಬ್. ಇಬ್ಬರಿಗೂ ಸ್ನೇಹ ಕುದುರಿತು. ಕಾಮಿಕ್ ಎಂದರೆ ಹಾರುವ ವೀರರು ಮತ್ತು ಮಾತನಾಡುವ ಬಾತುಕೋಳಿಗಳು ಮಾತ್ರವೇ ಏಕಾಗಬೇಕು? ಬಸ್ಸಿಗೆ ಕಾಯುವವನ ಕಥೆ, ಕೆಟ್ಟುಹೋದ ಕಾರಿನ ಕಥೆ, ಸಂಬಳದ ಹಿಂದಿನ ದಿನದ ಕಥೆ ಏಕಾಗಬಾರದು? ಈ ಪ್ರಶ್ನೆ ಪೀಕರನ ತಲೆಯಲ್ಲಿ ಹತ್ತು ವರ್ಷ ಕೊರೆಯಿತು. ಆದರೆ ಒಂದು ತೊಡಕು—ಈತನಿಗೆ ಚಿತ್ರ ಬರೆಯಲು ಬಾರದು!

ಬಾರದಿದ್ದರೇನಂತೆ? ಕಾಗದದ ಮೇಲೆ ಚೌಕಗಳನ್ನು ಎಳೆದ. ಒಂದೊಂದು ಚೌಕದಲ್ಲಿ ಮಕ್ಕಳು ಗೋಡೆಯ ಮೇಲೆ ಗೀಚುವಂತೆ ಕಡ್ಡಿಯ ಮನುಷ್ಯರನ್ನು ನಿಲ್ಲಿಸಿದ. ಅವರ ತಲೆಯ ಮೇಲೆ ಮಾತು ಬರೆದ. ೧೯೭೨ರಲ್ಲಿ ಅದನ್ನು ಕ್ರಂಬನಿಗೆ ತೋರಿಸಿದಾಗ ಅವನು ನಗಲಿಲ್ಲ. ನಾನು ಇದನ್ನು ಬರೆದುಕೊಡುತ್ತೇನೆ ಎಂದ. ಅಲ್ಲಿಂದ ಪೀಕರನ ಪದ್ಧತಿ ನಿಂತಿತು. ಕಥೆ, ಮಾತು, ಚೌಕದ ವಿಂಗಡಣೆ ಈತನದು. ಗ್ಯಾರಿ ಡಮ್, ಜೆರಿ ಶಾಮ್ರೇ, ಫ್ರ್ಯಾಂಕ್ ಸ್ಟ್ಯಾಕ್ ಮುಂತಾದ ಬೇರೆಬೇರೆ ಕಲಾವಿದರು ಚಿತ್ರ ಬರೆದರು. ಹೀಗಾಗಿ ಒಂದೇ ಪುಸ್ತಕದಲ್ಲಿ ಪೀಕರನ ಮುಖ ನಾಲ್ಕಾರು ಬಗೆಯಾಗಿರುತ್ತದೆ. ಒಬ್ಬನ ಕೈಯಲ್ಲಿ ಗೂಬೆ, ಇನ್ನೊಬ್ಬನ ಕೈಯಲ್ಲಿ ಗಂಭೀರ ಪುರುಷ. ೧೯೭೬ರಲ್ಲಿ 'ಅಮೆರಿಕನ್ ಸ್ಪ್ಲೆಂಡರ್' ಎಂಬ ಹೆಸರಿನಲ್ಲಿ ಮೊದಲ ಸಂಚಿಕೆ ಹೊರಬಂತು. ಅಮೆರಿಕದ ವೈಭವ! ಒಳಗೆ ನೋಡಿದರೆ ಗುಮಾಸ್ತನ ಬದುಕು. ವರ್ಷಕ್ಕೊಂದರಂತೆ, ಸಂಬಳದಲ್ಲಿ ಉಳಿಸಿದ ಹಣದಿಂದ, ೧೯೯೦ರ ದಶಕ ಬರುವವರೆಗೂ ತಾನೇ ಪ್ರಕಟಿಸಿದ.

ಅದರಲ್ಲಿ ಏನಿದೆ? ಅಂಗಡಿಯ ಹಣ ಕೊಡುವ ಸಾಲಿನಲ್ಲಿ ಮುಂದೆ ಒಬ್ಬ ಮುದುಕಿ ನಿಂತು ಚಿಲ್ಲರೆಗಾಗಿ ಚರ್ಚೆ ನಡೆಸುತ್ತಿದ್ದಾಳೆ. ಹಿಂದೆ ನಿಂತವನ ಸಂಕಟವೇ ಒಂದು ಕಥೆ. ಬೆಂಡೆಕಾಯಿ ಉಪ್ಪಿನಕಾಯಿಯ ಹೆಸರಿನಲ್ಲಿಯೂ ಒಂದು ಪುಟ್ಟ ಕಥೆಯುಂಟು. ಇನ್ನೊಂದರಲ್ಲಿ ಒಬ್ಬ ಮನುಷ್ಯ ಓದುಗರ ಕಡೆಗೆ ಮುಖ ಮಾಡಿ ನಿಂತಿದ್ದಾನೆ, ಅಷ್ಟೆ. ಚೌಕದಿಂದ ಚೌಕಕ್ಕೆ ಅದೇ ಮುಖ, ಅದೇ ನಿಲುವು. ಟೆಲಿಫೋನ್ ಪುಸ್ತಕದಲ್ಲಿ ತನ್ನದೇ ವಿಚಿತ್ರ ಹೆಸರಿನ ಇನ್ನೊಬ್ಬನಿರುವುದನ್ನು ಕಂಡದ್ದು, ಆಮೇಲೆ ಮತ್ತೊಬ್ಬ ಕಾಣಿಸಿಕೊಂಡದ್ದು, ಕೆಲವು ಕಾಲದ ಮೇಲೆ ಅವರಿಬ್ಬರೂ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಓದಿದ್ದು—ಇದನ್ನು ಹೇಳುತ್ತಾನೆ. ಕ್ರಂಬ್ ಚಿತ್ರ ಬರೆದ ಈ ಕಥೆ ೧೯೭೭ರ ಸಂಚಿಕೆಯಲ್ಲಿದೆ. ಮುಖ ಅಲುಗಾಡದಿದ್ದರೂ ಎಲ್ಲಿ ಮಾತು ನಿಲ್ಲುತ್ತದೆಯೋ ಅಲ್ಲಿ ಒಂದು ಖಾಲಿ ಚೌಕ. ಆ ಮಾತಿಲ್ಲದ ಚೌಕದ ಬೆಲೆ ರೇಡಿಯೋ ಕೇಳುವವರಿಗೆ ಗೊತ್ತು. ಒಳ್ಳೆಯ ಭಾಷಣಕಾರ ಉಸಿರು ತೆಗೆದುಕೊಳ್ಳುವ ಜಾಗ ಅದು.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸುವುದು ಆಸ್ಪತ್ರೆಯ ಸಹೋದ್ಯೋಗಿಗಳೊಡನೆ ಅವನು ಆಡುವ ಪುಟ್ಟ ಮಾತುಕತೆಗಳು. ಮಿಸ್ಟರ್ ಬೋಟ್ಸ್ ಎಂದು ಕಥೆಯಲ್ಲಿ ಕರೆಸಿಕೊಳ್ಳುವ ಹಿರಿಯರೊಬ್ಬರು ಎದುರು ಸಿಕ್ಕಾಗಲೆಲ್ಲ ಒಂದು ನೀತಿವಾಕ್ಯ ಉದುರಿಸಿ ಮುಂದೆ ಹೋಗುತ್ತಾರೆ. ಟೋಬಿ ರ್‍ಯಾಡ್ಲಾಫ್ ಎಂಬ ಸಹೋದ್ಯೋಗಿ, ಪುಸ್ತಕದ ಹುಳು ಎಂದು ಜನ ಹಾಸ್ಯಮಾಡುವ ಜಾತಿ ತನ್ನದೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಪೀಕರ್ ಒಂದು ಪ್ರಶ್ನೆ ಕೇಳುತ್ತಾನೆ, ಅವನು ಉತ್ತರ ಹೇಳುತ್ತಾನೆ, ಪುಟ ಮುಗಿಯಿತು. ಇದು ಸಂದರ್ಶನವಲ್ಲದೆ ಮತ್ತೇನು? ಚಿಕ್ಕದು, ನಗೆಯದು. ಆದರೆ ನಗು ಆ ಮನುಷ್ಯನ ತಲೆಯ ಮೇಲೆ ಬೀಳುವುದಿಲ್ಲ. ಅವನ ಮಾತಿನ ವರಸೆ, ಗೊಗ್ಗರು ದನಿ, ಅವನಿಗಿರುವ ಹಠ ಎಲ್ಲವೂ ಇದ್ದ ಹಾಗೆಯೇ ಬಂದುಬಿಡುತ್ತವೆ. ಪೀಕರನ ಕಿವಿ ಅಷ್ಟು ಚುರುಕು.

ಗಂಭೀರ ಸಂದರ್ಶನಗಳು ಈ ಲೋಕದಲ್ಲಿ ಇಲ್ಲವೆಂದಲ್ಲ. ಪೀಕರನ ಮೊದಲ ಸಂಚಿಕೆ ಬಂದ ೧೯೭೬ರಲ್ಲಿಯೇ ಗ್ಯಾರಿ ಗ್ರಾಥ್ ಎಂಬ ತರುಣ ತನ್ನ ಸ್ನೇಹಿತನೊಡನೆ ಸೇರಿ ಒಂದು ಪತ್ರಿಕೆಯನ್ನು ಕೊಂಡ. ಅದೇ ಮುಂದೆ 'ಕಾಮಿಕ್ಸ್ ಜರ್ನಲ್' ಎಂದು ಹೆಸರಾಯಿತು. ಅದರ ಸಂದರ್ಶನಗಳು ಪುಟಗಟ್ಟಲೆ ಓಡುತ್ತವೆ. ಇತಿಹಾಸ ಬರೆಯುವವನಿಗೆ ಅವು ಗಣಿ. ರಾತ್ರಿ ಊಟವಾದ ಮೇಲೆ ಓದುವವನಿಗೆ ನಿದ್ರೆ ಬರಬಹುದು. ಚಿಕ್ಕ ಸಂದರ್ಶನವನ್ನು ನಾನು ತೆಗಳಲು ಹೊರಟಿಲ್ಲ. ಕೇಳುವವನಿಗೆ ಉತ್ತರದ ಮೇಲೆ ಆಸೆಯಿದ್ದರೆ, ಯಾವ ನಿಬ್ಬಿನಲ್ಲಿ ಬರೆಯುತ್ತೀ ಎಂಬ ಪ್ರಶ್ನೆಯಿಂದಲೂ ಒಬ್ಬನ ಬಡತನ, ಸೋಮಾರಿತನ, ಗುರುಭಕ್ತಿ ಮೂರೂ ಹೊರಬೀಳುತ್ತವೆ. ಪ್ರಶ್ನೆಯೇ ಚಪ್ಪಾಳೆಗಾಗಿ ಕೇಳಿದ್ದಾದರೆ ಉತ್ತರ ಯಾರಿಗೆ ಬೇಕು?

೧೯೮೪ರಲ್ಲಿ ಪೀಕರ್ ಜಾಯ್ಸ್ ಬ್ರಾಬ್ನರ್ ಎಂಬಾಕೆಯನ್ನು ಮದುವೆಯಾದ. ಆಕೆ ಡೆಲವೇರಿನಲ್ಲಿ ಕಾಮಿಕ್ ಅಂಗಡಿಯೊಂದರ ಪಾಲುದಾರಳು. ಅಂಗಡಿಯಲ್ಲಿ ಅವನ ಹೊಸ ಸಂಚಿಕೆ ಮುಗಿದುಹೋಗಿ, ತಾನು ಓದಲು ಪ್ರತಿ ಸಿಗದೆ, ನೇರವಾಗಿ ಅವನಿಗೇ ಪತ್ರ ಬರೆದಳಂತೆ. ಪ್ರತಿಗಾಗಿ ಬರೆದ ಪತ್ರಕ್ಕೆ ಪತಿಯೇ ಸಿಕ್ಕಿದ. ಗಂಡನ ಹಳೆಯ ಬಟ್ಟೆ ಹರಿದು ಅವನದೇ ಆಕಾರದ ಪುಟ್ಟ ಬೊಂಬೆಗಳನ್ನು ಹೊಲಿದು ಮಾರಲಿಕ್ಕೂ ಆಕೆ ಹಿಂಜರಿಯಲಿಲ್ಲ. ಸ್ವತಂತ್ರ ಪ್ರಕಟಣೆಯ ಸಂಸಾರವೆಂದರೆ ಹಾಗೆಯೇ.

೧೯೮೬ರಲ್ಲಿ ದೊಡ್ಡ ಪ್ರಕಾಶಕರೊಬ್ಬರು ಪೀಕರನ ಕಥೆಗಳನ್ನು ಆಯ್ದು ಗ್ರಂಥವಾಗಿ ತಂದರು. ಅದರ ಬೆನ್ನಿಗೇ ನ್ಯೂಯಾರ್ಕಿನ ಎನ್.ಬಿ.ಸಿ. ಟೆಲಿವಿಷನ್ ಕೇಂದ್ರದಿಂದ ಕರೆ ಬಂತು. ಡೇವಿಡ್ ಲೆಟರ್‌ಮನ್ ಎಂಬ ವಿನೋದಗಾರ ರಾತ್ರಿ ಹನ್ನೆರಡೂವರೆಗೆ ನಡೆಸುತ್ತಿದ್ದ ಕಾರ್ಯಕ್ರಮ. ಅತಿಥಿ ಬರುತ್ತಾನೆ, ಕುರ್ಚಿಯಲ್ಲಿ ಕೂರುತ್ತಾನೆ, ಕೆಲವು ನಿಮಿಷ ಹರಟುತ್ತಾನೆ, ಪುಸ್ತಕವನ್ನೋ ಸಿನಿಮಾವನ್ನೋ ಎತ್ತಿ ತೋರಿಸಿ ಹೋಗುತ್ತಾನೆ. ಹೊರಗಿನಿಂದ ನೋಡಿದರೆ ಹರಟೆ; ಒಳಗೆ ಅದೊಂದು ಯಂತ್ರ. ಇಂಥ ಕಾರ್ಯಕ್ರಮಗಳಲ್ಲಿ ಕಾರ್ಯಕರ್ತರೊಬ್ಬರು ಅತಿಥಿಯೊಡನೆ ಮುಂಚೆಯೇ ಮಾತನಾಡಿ, ಯಾವ ಮಾತಿಗೆ ನಗು ಬರುತ್ತದೆಂದು ಅಳೆದು, ಪ್ರಶ್ನೆಗಳನ್ನು ಚೀಟಿಯ ಮೇಲೆ ಬರೆದುಕೊಟ್ಟಿರುತ್ತಾರೆ. ನಡೆಸುವವನಿಗೆ ನಗು ಬೇಕು, ಅತಿಥಿಗೆ ಮಾರಾಟ ಬೇಕು. ಎರಡೂ ಕಡೆ ತಕ್ಕಡಿ ಸರಿಯಾಗಿದ್ದರೆ ಯಾರಿಗೂ ನಷ್ಟವಿಲ್ಲ.

ಪೀಕರನ ವಿಷಯದಲ್ಲಿ ತಕ್ಕಡಿ ಸರಿಯಾಗಿರಲಿಲ್ಲ. ಕ್ಲೀವ್‌ಲ್ಯಾಂಡ್ ಎಂದರೆ ಅಮೆರಿಕದಲ್ಲಿ ನಗೆಯ ಮಾತು. ಅಲ್ಲಿನ ನದಿ ಕೊಳೆ ಎಣ್ಣೆಯಿಂದ ೧೯೬೯ರಲ್ಲಿ ಬೆಂಕಿ ಹತ್ತಿ ಉರಿದಿತ್ತು. ೧೯೭೮ರಲ್ಲಿ ನಗರಸಭೆ ಸಾಲ ತೀರಿಸಲಾರದೆ ಕೈಯೆತ್ತಿತ್ತು. ಅಂಥ ಊರಿನ ಕೆದರಿದ ತಲೆಯ ಗುಮಾಸ್ತ, ಕಾಮಿಕ್ ಬರೆಯುತ್ತೇನೆನ್ನುತ್ತಾನೆ, ಚಿತ್ರ ಬರೆಯಲು ಬಾರದು—ಇದಕ್ಕಿಂತ ಬೇರೆ ಸರಕು ಬೇಕೆ? ಲೆಟರ್‌ಮನ್ ಕೆಣಕಿದ. ಇವನು ತಿರುಗಿ ಕುಟುಕಿದ. ಸಭೆಯಲ್ಲಿ ನಗೆಯ ಅಲೆ. ಮತ್ತೆ ಕರೆ ಬಂತು, ಮತ್ತೆ ಹೋದ. ಬೀದಿಯಲ್ಲಿ ಜನ ಗುರುತು ಹಿಡಿಯತೊಡಗಿದರು. ಆದರೆ ಅವರು ಗುರುತು ಹಿಡಿದದ್ದು ಟೆಲಿವಿಷನ್ನಿನ ಸಿಡುಕನನ್ನು, ಪುಸ್ತಕದ ಪೀಕರನನ್ನಲ್ಲ. ಸೋಮವಾರ ಬೆಳಗ್ಗೆ ಆಸ್ಪತ್ರೆಯ ಕಡತಗಳು ಅಲ್ಲಿಯೇ ಕಾದಿದ್ದವು. ಅವುಗಳನ್ನು ಬಿಟ್ಟು ಬರುವಷ್ಟು ವರಮಾನ ಈ ಖ್ಯಾತಿಯಿಂದ ಬರಲೇ ಇಲ್ಲ.

ಇದೇ ಕುರ್ಚಿಯಲ್ಲಿ ಲಿಂಡಾ ಬ್ಯಾರಿ ಎಂಬ ಚಿತ್ರಗಾರ್ತಿಯೂ ಕುಳಿತು ಹೋಗಿದ್ದಾಳೆ. ಆಕೆ ಜಾಣೆ, ತಮಾಷೆಗೆ ತಮಾಷೆ ಕೂಡಿಸಿ ನಗುನಗುತ್ತ ಎದ್ದು ಬಂದವಳು. ಪೀಕರನಿಗೆ ಆ ಕಲೆ ಒಲಿಯಲಿಲ್ಲವೋ, ಬೇಕಾಗಿಯೇ ಇರಲಿಲ್ಲವೋ.

ಆ ಹೊತ್ತಿಗೆ ಇನ್ನೊಂದು ಸಂಗತಿ ನಡೆದಿತ್ತು. ೧೯೮೬ರಲ್ಲಿ ಜನರಲ್ ಎಲೆಕ್ಟ್ರಿಕ್ ಎಂಬ ಮಹಾ ಕಂಪೆನಿ ಎನ್.ಬಿ.ಸಿ.ಯ ಒಡೆತನವನ್ನು ಕೊಂಡುಕೊಂಡಿತು. ಬಲ್ಬಿನಿಂದ ಹಿಡಿದು ಪರಮಾಣು ಸ್ಥಾವರದವರೆಗೆ, ಯುದ್ಧವಿಮಾನದ ಎಂಜಿನಿನವರೆಗೆ ಎಲ್ಲವನ್ನೂ ಆಗ ಮಾಡುತ್ತಿದ್ದ ಕಂಪೆನಿ ಅದು. ೧೯೮೭ರ ಬೇಸಿಗೆಯಲ್ಲಿ ಎನ್.ಬಿ.ಸಿ.ಯ ತಾಂತ್ರಿಕ ಕೆಲಸಗಾರರು ಮುಷ್ಕರ ಹೂಡಿದರು. ಆಗ ಕಾರ್ಯಕ್ರಮಕ್ಕೆ ಬಂದ ಪೀಕರ್, ಎನ್.ಬಿ.ಸಿ.ಯ ವಿರುದ್ಧ ಮುಷ್ಕರ ನಡೆದಿದೆ ಎಂದು ಎದೆಯ ಮೇಲೆ ಅಚ್ಚಾಗಿದ್ದ ಅಂಗಿಯನ್ನೇ ತೊಟ್ಟು ಕ್ಯಾಮೆರಾದ ಮುಂದೆ ಕುಳಿತ! ೧೯೮೮ರ ಆಗಸ್ಟ್ ೩೧ರ ಕಾರ್ಯಕ್ರಮದಲ್ಲಂತೂ ಜಗಳ ಬಾಯಿ ಮೀರಿತು. ಕಂಪೆನಿಯ ವ್ಯವಹಾರಗಳನ್ನು ಎತ್ತಿ, ಇಂಥ ಒಡೆಯರ ಕೈಯಲ್ಲಿ ಸುದ್ದಿಯ ಸಂಸ್ಥೆ ಇರುವುದು ಸರಿಯೇ ಎಂದು ಹಿಡಿದ. ಅದಕ್ಕೆ ಇದು ಜಾಗವಲ್ಲ, ನಿನ್ನ ಪುಸ್ತಕದ ಮಾತಾಡು ಎಂದು ಲೆಟರ್‌ಮನ್ ಗದರಿದ. ಇವನು ಬಿಡಲಿಲ್ಲ. ಅವನು ಇವನ ಪುಸ್ತಕವನ್ನೂ ಹೀಗಳೆದ. ಅಲ್ಲಿಗೆ ಋಣ ಹರಿಯಿತು. ಮುಂದೆ ಕೆಲವು ವರ್ಷ ಪೀಕರನಿಗೆ ಆ ಬಾಗಿಲು ಮುಚ್ಚಿತ್ತು. ೧೯೯೦ರ ದಶಕದಲ್ಲಿ ಮತ್ತೆ ಕರೆದರೆನ್ನುವುದು ಬೇರೆ ಮಾತು.

ಯಾರದು ಸರಿ? ಲೆಟರ್‌ಮನ್‌ನ ಪಕ್ಷದಲ್ಲಿ ಹೇಳಬಹುದಾದದ್ದು ಇಲ್ಲದಿಲ್ಲ. ಮದುವೆಯ ಮನೆಗೆ ಹಾಡಲು ಕರೆಸಿದವನು ತಂಬೂರಿ ಕೆಳಗಿಟ್ಟು ಬೀಗರ ಜಮೀನಿನ ವ್ಯಾಜ್ಯ ಎತ್ತಿಕೊಂಡರೆ ಯಜಮಾನ ಏನು ಮಾಡಬೇಕು? ಪೀಕರನ ಮಾತಿನಲ್ಲಿ ಕ್ರಮವೂ ಇರಲಿಲ್ಲ. ಹೇಳಬೇಕಾದ ಹತ್ತನ್ನು ಒಟ್ಟಿಗೆ ಹೇಳಲು ಹೋಗಿ ಎರಡೂ ಸರಿಯಾಗಿ ಕೇಳಿಸಲಿಲ್ಲ. ಇಷ್ಟನ್ನು ಒಪ್ಪಿಯೂ ನನ್ನ ಮನಸ್ಸು ಗುಮಾಸ್ತನ ಕಡೆಗೇ ವಾಲುತ್ತದೆ. ಅವನು ಕೇಳಿದ ಪ್ರಶ್ನೆ ಪ್ರಶ್ನೆಯೇ. ಒಂದು ನಿಲಯದ ಒಡೆಯರ ಬಗ್ಗೆ ಆ ನಿಲಯದಲ್ಲಿಯೇ ಮಾತನಾಡಬಹುದೇ, ಕೂಡದೇ? ಆ ಸಂಜೆ ತಲೆದೋರಿದ ಸಮಸ್ಯೆ ಅದು. ನಾನೂ ಈಗ ಒಂದು ನಿಲಯದ ಮೈಕಿನ ಮುಂದೆಯೇ ಕುಳಿತಿರುವುದರಿಂದ ಈ ವಿಚಾರವನ್ನು ಇಲ್ಲಿಗೇ ಬಿಡುವುದು ಕ್ಷೇಮ! ಇನ್ನೊಂದು ಮಾತು ಮಾತ್ರ ಹೇಳಬಲ್ಲೆ. ಎರಡು ವರ್ಷ ಅವನ ಊರು, ಉಡುಪು, ಉದ್ಯೋಗ ಎಲ್ಲದರ ಮೇಲೂ ನಗೆ ಎಬ್ಬಿಸಿದರು; ಅವನು ಕೇಳಿದ ಒಂದೇ ಒಂದು ಪ್ರಶ್ನೆ ಮಾತ್ರ ಅಸಭ್ಯವಾಯಿತು.

ಪೀಕರ್ ಈ ಪ್ರಸಂಗವನ್ನು ವ್ಯರ್ಥವಾಗಲು ಬಿಡಲಿಲ್ಲ. ಟೆಲಿವಿಷನ್ನಿನ ಅನುಭವಗಳನ್ನೂ ಚೌಕಗಳಲ್ಲಿ ಹಾಕಿ ಪುಸ್ತಕ ಮಾಡಿದ. ಅಲ್ಲಿ ಪ್ರಶ್ನೆ ಕೇಳುವವನೂ ಉತ್ತರ ಕೊಡುವವನೂ ತಾನೇ. ೧೯೯೦ರಲ್ಲಿ ಅರ್ಬುದ ರೋಗ ಹಿಡಿಯಿತು. ಗಂಡಹೆಂಡಿರು ಸೇರಿ ಆ ವರ್ಷದ ಕಥೆಯನ್ನು ಬರೆದರು, ಫ್ರ್ಯಾಂಕ್ ಸ್ಟ್ಯಾಕ್ ಚಿತ್ರಿಸಿದ, ೧೯೯೪ರಲ್ಲಿ ಪ್ರಕಟವಾಯಿತು. ೨೦೦೩ರಲ್ಲಿ ಅವನ ಬದುಕು ಸಿನಿಮಾ ಆಯಿತು. ಪಾಲ್ ಜಿಯಮಾಟಿ ಎಂಬ ನಟ ಪೀಕರನ ಪಾತ್ರ ವಹಿಸಿದ್ದಾನೆ. ನಡುನಡುವೆ ನಿಜವಾದ ಪೀಕರನೇ ಬಂದು ಮಾತನಾಡುತ್ತಾನೆ. ಲೆಟರ್‌ಮನ್ ಕಾರ್ಯಕ್ರಮದ ಮೊದಲ ಭೇಟಿಗಳ ಹಳೆಯ ಚಿತ್ರವನ್ನು ಅದರಲ್ಲಿ ಹಾಗೆಯೇ ಸೇರಿಸಿದ್ದಾರೆ. ಜಗಳದ ಭಾಗವನ್ನು ಮಾತ್ರ ನಟರಿಂದ ಹೊಸದಾಗಿ ಆಡಿಸಿದ್ದಾರೆ. ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಥಮ ಬಹುಮಾನ ಬಂತು.

ರೇಡಿಯೋ ಕೇಳುವವರಿಗೆ ಪ್ರಿಯವಾಗುವ ಇನ್ನೊಂದು ಸಂಗತಿಯಿದೆ. ಕೊನೆಯ ವರ್ಷಗಳಲ್ಲಿ ಪೀಕರ್ ಓಹಾಯೋದ ಕೆಂಟ್ ಎಂಬ ಊರಿನ ಸಾರ್ವಜನಿಕ ರೇಡಿಯೋ ನಿಲಯದಲ್ಲಿ ಪುಟ್ಟ ಪ್ರಬಂಧಗಳನ್ನು ಓದುತ್ತಿದ್ದ. ಅಲ್ಲಿ ಕೆಣಕುವವರಿಲ್ಲ, ಚಪ್ಪಾಳೆಯಿಲ್ಲ. ಗೊಗ್ಗರು ದನಿಯೊಂದು, ಕೇಳುವ ಮನೆಯೊಂದು. ಟೆಲಿವಿಷನ್ನಿಗಿಂತ ಈ ಜಾಗ ಅವನಿಗೆ ಚೆನ್ನಾಗಿ ಹೊಂದಿತೆಂದು ನನ್ನ ಎಣಿಕೆ.

೨೦೧೦ರ ಜುಲೈ ೧೨ರಂದು, ತನ್ನ ೭೦ನೆಯ ವಯಸ್ಸಿನಲ್ಲಿ, ಕ್ಲೀವ್‌ಲ್ಯಾಂಡಿಗೆ ತಗುಲಿಕೊಂಡಿರುವ ಕ್ಲೀವ್‌ಲ್ಯಾಂಡ್ ಹೈಟ್ಸ್ ಎಂಬಲ್ಲಿ ಪೀಕರ್ ತೀರಿಕೊಂಡ. ಜಾಯ್ಸ್ ಬ್ರಾಬ್ನರ್ ೨೦೨೪ರಲ್ಲಿ ತೀರಿಕೊಂಡಳು. ಗಂಡ ಹೋದ ಮೇಲೆ ಆಕೆ ಜನರಿಂದ ಚಂದಾ ಎತ್ತಿ ಅವನಿಗೊಂದು ಸ್ಮಾರಕ ಮಾಡಿಸಿದಳು. ಅದು ಇರುವುದು ಆ ಊರಿನ ಸಾರ್ವಜನಿಕ ಪುಸ್ತಕ ಭಂಡಾರದಲ್ಲಿ. ಅಲ್ಲಿ ಅವನು ಓದುತ್ತ ಹೊತ್ತು ಕಳೆಯುತ್ತಿದ್ದನಂತೆ. ೨೦೧೨ರಲ್ಲಿ ಅದನ್ನು ಇರಿಸಿದರು. ಕುದುರೆಯ ಮೇಲೆ ಕುಳಿತ ಭಂಗಿಯಲ್ಲ, ಕೈಯಲ್ಲಿ ಗ್ರಂಥ ಹಿಡಿದ ಭಂಗಿಯೂ ಅಲ್ಲ. ಒಂದು ಮರದ ಮೇಜು. ಅದರ ಮೇಲೆ ಕಾಮಿಕ್ ಪುಟದೊಳಗಿಂದ ಹೊರಕ್ಕೆ ಹೆಜ್ಜೆಯಿಡುತ್ತಿರುವ ಪುಟ್ಟ ಪೀಕರ್. ಪುಸ್ತಕ ಭಂಡಾರಕ್ಕೆ ಬಂದವರು, ಚಿತ್ರ ಬರೆಯಲು ಬರುವವರಾಗಲಿ ಬಾರದವರಾಗಲಿ, ಆ ಮೇಜಿನ ಮುಂದೆ ಕುಳಿತು ತಮ್ಮ ಕಥೆಯನ್ನು ತಾವೇ ಗೀಚಬಹುದು.